ಹೊಸ ವರ್ಷಕ್ಕೊಂದು ಓದಿನ ಲೆಕ್ಕ

ಹೊಸ ವರ್ಷದ ಮೊದಲ ವಾರದಲ್ಲಿ ಸಂಕಲ್ಪ ಮಾಡದವರು ಯಾರಿದ್ದಾರೆ? ಬೀಡಿ ಬಿಡುವವರು, ಮುಂಜಾನೆ ನಡೆಯಲು ಹೊರಡುವವರು, ಖರ್ಚು ಬರೆದಿಡಲು ಡೈರಿ ಕೊಳ್ಳುವವರು, ಇವರೆಲ್ಲರ ಸಾಲಿನಲ್ಲಿ ಕಳೆದ ವರ್ಷ ನಾವೂ ನಿಂತೆವು. ವರ್ಷದೊಳಗೆ 24 ಕನ್ನಡ ಪುಸ್ತಕಗಳನ್ನು ಓದಿ ಮುಗಿಸುವೆವೆಂದು ನೋಟುಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ಬರೆದು, ಒಂದರಿಂದ ಇಪ್ಪತ್ತನಾಲ್ಕರವರೆಗೆ ಅಂಕೆ ಹಾಕಿ, ಗೆರೆ ಎಳೆದೂ ಆಯಿತು. ಅಧ್ಯಾಪಕರಿಗೆ ಗೆರೆ ಎಳೆದರೆ ಅರ್ಧ ಕೆಲಸ ಮುಗಿದಂತೆಯೇ.

ಜನವರಿಯಲ್ಲಿ ಎರಡು ಮುಗಿದವು, ಫೆಬ್ರವರಿಯಲ್ಲಿ ಒಂದು. ಮಾರ್ಚಿನಲ್ಲಿ ಹತ್ತನೇ ತರಗತಿಯ ಪರೀಕ್ಷೆ, ಅದರ ಬೆನ್ನಿಗೆ ಉತ್ತರಪತ್ರಿಕೆಗಳ ಕಟ್ಟು, ಮದುವೆ, ಮುಂಜಿ, ಕೋಲ, ನೇಮ. ಜೂನಿನಲ್ಲಿ ಶಾಲೆ ತೆರೆದಾಗ ನೋಟುಪುಸ್ತಕ ಎಲ್ಲಿದೆಯೆಂಬುದೇ ಮರೆತುಹೋಗಿತ್ತು. ದಶಂಬರದಲ್ಲಿ ಅದು ಕೈಗೆ ಸಿಕ್ಕಿದಾಗ, ಲೆಕ್ಕ ತುಂಬಿಸುವ ಆತುರದಲ್ಲಿ ಶಾಲೆಯ ಗ್ರಂಥಾಲಯದಿಂದ 32 ಪುಟಗಳ ಮಕ್ಕಳ ಪುಸ್ತಕಗಳನ್ನು ಹೊತ್ತು ತಂದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದೇ ಲೇಸು. ಅಷ್ಟಾಗಿಯೂ ಹದಿನೇಳಕ್ಕೆ ನಿಂತಿತು. ವಿದ್ಯಾರ್ಥಿಯೊಬ್ಬ ಹೀಗೆ ಮಾಡಿದ್ದರೆ ನಾವು ಏನನ್ನುತ್ತಿದ್ದೆವೋ!

ಆ ಹದಿನೇಳರಲ್ಲಿ ಮನಸ್ಸಿನಲ್ಲಿ ಉಳಿದುದು ಒಂದೇ. ಆಟಿ ತಿಂಗಳ ಮಳೆಗೆ ಮೂರು ದಿನ ವಿದ್ಯುತ್ತು ಹೋಗಿತ್ತು. ನಮ್ಮ ತಾಯಿಯವರಿಗೆ ಕಣ್ಣಿನ ಪೊರೆ ತೆಗೆಸಿದ್ದರಿಂದ ಓದುವಂತಿಲ್ಲ. ಹೊತ್ತು ಹೋಗದೆ ಬೇಸರಪಡುತ್ತಿದ್ದ ಅವರಿಗೆ ಕಾರಂತರ ‘ಚೋಮನ ದುಡಿ’ಯನ್ನು ದಿನಕ್ಕಿಷ್ಟೆಂದು ಗಟ್ಟಿಯಾಗಿ ಓದತೊಡಗಿದೆವು. 1933ರಲ್ಲಿ ಬಂದ ತೆಳ್ಳಗಿನ ಕಾದಂಬರಿ ಅದು. ಒಬ್ಬನೇ ಕುಳಿತರೆ ಎರಡು ದಿನದ ಓದು. ನಮಗೆ ಎರಡು ವಾರ ಹಿಡಿಯಿತು. ಏಕೆಂದರೆ ತಾಯಿಯವರು ನಡುನಡುವೆ ತಡೆದು, “ಚೋಮ ಇದನ್ನು ಹೀಗೆ ಹೇಳಿರಲಾರ” ಎಂದು ಆ ಮಾತನ್ನು ತುಳುವಿನಲ್ಲಿ ಆಡಿ ತೋರಿಸುವರು. ನಮ್ಮ ಮನೆಮಾತು ತುಳು. ಮೊಬೈಲು ಹಿಡಿದು ಮೂಲೆಯಲ್ಲಿದ್ದ ಮಗನೂ ನಾಲ್ಕನೆಯ ದಿನ ಹತ್ತಿರ ಬಂದು ಕುಳಿತ. ಗಂಟಲು ಕಟ್ಟಿದ ಒಂದು ಸಂಜೆ ಅವನ ಕೈಗೆ ಪುಸ್ತಕ ಕೊಟ್ಟೆವು.

ಅಂದು ನಮಗೆ ಆದ ಮುಜುಗರವನ್ನು ಏನೆಂದು ಹೇಳೋಣ? ಒಂಬತ್ತನೇ ತರಗತಿಯ ಹುಡುಗ, ಕನ್ನಡ ಮಾಧ್ಯಮದವನು, ಕನ್ನಡ ಅಧ್ಯಾಪಕರ ಮಗ. ಬಸ್ಸಿನ ಮಲಯಾಳ ಬೋರ್ಡನ್ನು ದೂರದಿಂದಲೇ ಓದಿ ಹೇಳುವವನು ಕಾರಂತರ ಉದ್ದದ ವಾಕ್ಯದ ನಡುವೆ ಮೂರು ಕಡೆ ಮುಗ್ಗರಿಸಿದ. ಪಾಠಪುಸ್ತಕದ ಪಾಠಗಳನ್ನು ಅವನು ಚೆನ್ನಾಗಿಯೇ ಓದುತ್ತಾನೆ. ಅವು ತರಗತಿಯಲ್ಲಿ ಹತ್ತು ಸಲ ಕೇಳಿದ ಪಾಠಗಳು. ಕೇಳದ ಕನ್ನಡವನ್ನು ಮೊದಲ ಸಲ ಕಣ್ಣಿಟ್ಟು ಓದುವ ಅಭ್ಯಾಸವೇ ಅವನಿಗೆ ಇರಲಿಲ್ಲ. ಟಿ.ಸಿ.ಎಚ್. ತರಬೇತಿಯಲ್ಲಿ ಆದರ್ಶ ವಾಚನ, ಸಸ್ವರ ವಾಚನ, ಮೌನ ವಾಚನ ಎಂದು ಕಲಿತು ಬಂದ ನಾವು ಊರ ಮಕ್ಕಳಿಗೆಲ್ಲ ಅದನ್ನು ಮಾಡಿಸಿದೆವು, ಮನೆಯಲ್ಲಿ ಮಾತ್ರ ಮರೆತಿದ್ದೆವು.

ನಮ್ಮ ನೆಲದ ವಿಚಾರವೇ ಬೇರೆ. ಮೈಸೂರಿನವನು ಒಂದು ವರ್ಷ ಪುಸ್ತಕ ಮುಟ್ಟದಿದ್ದರೂ ಅವನ ಕನ್ನಡಕ್ಕೆ ಅಂಥ ಊನ ಬಾರದು. ಸಂತೆಯಲ್ಲಿ, ಕಚೇರಿಯಲ್ಲಿ, ಅಂಗಡಿಯ ಫಲಕದಲ್ಲಿ ಅದು ಅವನನ್ನು ಹುಡುಕಿಕೊಂಡು ಬರುತ್ತದೆ. ಕಾಸರಗೋಡಿನಲ್ಲಿ ನಮ್ಮ ಮನೆಗಳ ಮಾತು ತುಳು, ಕೊಂಕಣಿ, ಮರಾಟಿ, ಕರಾಡ, ಬ್ಯಾರಿ. ಹವ್ಯಕರಂತೆ ಮನೆಯಲ್ಲೇ ಕನ್ನಡದ ಒಂದು ಬಗೆಯನ್ನಾಡುವವರೂ ಇದ್ದಾರೆನ್ನಿ. ಪೇಟೆಯ ಮಾತು ಮಲಯಾಳ. ಕನ್ನಡವೆಂಬುದು ಬಹಳ ಮಂದಿಗೆ ಓದುವ, ಬರೆಯುವ, ಆಟದ ರಂಗಸ್ಥಳದಲ್ಲಿ ಕೇಳುವ ಭಾಷೆ. ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಮನೆಮಾತು ತುಳು. ಇಬ್ಬರೂ ಕನ್ನಡದ ಕವಿಗಳಾದರು. ಗೋವಿಂದ ಪೈಗಳು ಪದವಿಯನ್ನೂ ಪೂರೈಸದೆ ಊರಿಗೆ ಮರಳಿದವರು. ಆ ಪಾಂಡಿತ್ಯವೆಲ್ಲ ಮನೆಯಲ್ಲಿ ಕುಳಿತು ಓದಿ ಗಳಿಸಿದ್ದು. ಓದು ನಿಂತ ದಿನ ನಮ್ಮ ಮನೆಗಳಲ್ಲಿ ಕನ್ನಡ ಕಡಮೆಯಾಗುವುದಷ್ಟೇ ಅಲ್ಲ, ಇಲ್ಲವೇ ಆಗುತ್ತದೆ.

ಹಿಂದಿನವರಿಗೆ ಇದು ತಿಳಿದಿತ್ತೋ ಏನೋ. ಮಳೆಗಾಲದ ರಾತ್ರಿ ಚಾವಡಿಯಲ್ಲಿ ದೀಪ ಹಚ್ಚಿ ಒಬ್ಬರು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಅಡಕೆ ಸುಲಿಯುತ್ತ ಮನೆಯವರೆಲ್ಲ ಕೇಳುವುದು. ಇಷ್ಟು ದಿನದಲ್ಲಿ ಇಷ್ಟು ಸಂಧಿ ಮುಗಿಯಬೇಕೆಂಬ ಲೆಕ್ಕ ಅಲ್ಲಿಯೂ ಇತ್ತು, ಮುಗಿದ ದಿನ ಪಾಯಸವೂ ಇತ್ತು. ನಮ್ಮ ಅಜ್ಜಿಗೆ ಅಕ್ಷರ ಬಾರದು. ಆದರೆ ಕರ್ಣಪರ್ವದ ಕಥೆ ಅವರಿಗೆ ಬಂದಷ್ಟು ನಮಗೆ ಇಂದಿಗೂ ಬಾರದು.

ಮಲಯಾಳದ ಮೇಲೆ ನಮಗೆ ಜಗಳವಿಲ್ಲ. ಓದಿನ ವಿಷಯದಲ್ಲಿ ಆ ನಾಡಿನಿಂದ ಕಲಿಯುವುದೇ ಹೆಚ್ಚಿದೆ. ಗ್ರಂಥಶಾಲಾ ಚಳವಳಿಯನ್ನು ಕಟ್ಟಿದ ಪಿ.ಎನ್. ಪಣಿಕ್ಕರರು 1945ರಲ್ಲಿ 47 ಗ್ರಂಥಾಲಯಗಳನ್ನು ಒಂದುಗೂಡಿಸಿ ಸಂಘ ಮಾಡಿದರು. 1995ರ ಜೂನ್ 19ರಂದು ಅವರು ತೀರಿಕೊಂಡ ಮೇಲೆ ಆ ದಿನವನ್ನು ಕೇರಳದ ಶಾಲೆಗಳು ವಾಚನ ದಿನವಾಗಿ ಆಚರಿಸುತ್ತವೆ. ನಮ್ಮ ಶಾಲೆಯಲ್ಲೂ ಭಾಷಣವಾಗುತ್ತದೆ, ಭಿತ್ತಿಪತ್ರ ಅಂಟುತ್ತದೆ, ಮರುದಿನ ಕಪಾಟಿಗೆ ಬೀಗ ಬೀಳುತ್ತದೆ.

ಬೀಗದ ಮಾತು ಬಂತಾದ್ದರಿಂದ ಹೇಳಿಬಿಡುವೆವು. ಕಳೆದ ವಾರ ಸಮೀಪದ ಒಂದು ವಾಚನಾಲಯಕ್ಕೆ ಹೋಗಿ ಕನ್ನಡದ ಕಪಾಟು ತೆರೆಯಿರೆಂದೆವು. ಬೀಗದ ಕೈ ಹುಡುಕಲು ಅರ್ಧ ಗಂಟೆ ಹಿಡಿಯಿತು. ಸಿಟ್ಟು ಬಂದಿತ್ತು, ಪತ್ರಿಕೆಗೆ ಬರೆಯಬೇಕೆಂದೂ ಅಂದುಕೊಂಡೆವು. ಅಷ್ಟರಲ್ಲಿ ಅಲ್ಲಿನವರು ಸುಮ್ಮನೆ ಎರವಲು ಪುಸ್ತಕವನ್ನು ತಂದು ಮುಂದಿಟ್ಟರು. ಎರಡು ವರ್ಷಗಳಿಂದ ಒಂದೇ ಒಂದು ಕನ್ನಡ ಪುಸ್ತಕವನ್ನು ಯಾರೂ ಒಯ್ದಿಲ್ಲ. ಸದಸ್ಯರ ಪಟ್ಟಿಯಲ್ಲಿ ನಮ್ಮ ಹೆಸರೂ ಇತ್ತು. 1956ರ ನವೆಂಬರ್ 1ರಿಂದ ಮೊದಲ್ಗೊಂಡು ಮನವಿ ಬರೆಯುವುದರಲ್ಲಿ ನಮ್ಮವರು ಪಳಗಿದ್ದಾರೆ, ಅದು ನಿಲ್ಲಲೂಬಾರದು. ಆದರೆ ಹೊಸ ಕನ್ನಡ ಪುಸ್ತಕ ತರಿಸಿರೆಂದು ಕೇಳುವಾಗ ಎದುರಿನವರು ಆ ಎರವಲು ಪುಸ್ತಕವನ್ನು ತೆರೆದರೆ ಉತ್ತರವೇನು?

ಆದುದರಿಂದ ಈ ವರ್ಷ ಪುಸ್ತಕಗಳ ಅಂಕೆ ಹಾಕಿಲ್ಲ. ದಿನಕ್ಕೆ 10 ಪುಟ. ಅದರಲ್ಲಿ ಎರಡು ಪುಟ ಚಾವಡಿಯಲ್ಲಿ ಗಟ್ಟಿಯಾಗಿ, ಅದರಲ್ಲೂ ಒಂದು ಮಗನ ಪಾಲು. ಪೂರ್ತಿ ನಡೆದರೆ ವರ್ಷಕ್ಕೆ 3650 ಪುಟ. ಪರೀಕ್ಷೆ, ಜ್ವರ, ನೆಂಟರು, ಸೋಮಾರಿತನ ಎಂದು ನೂರು ದಿನ ರಜೆ ಹಾಕಿದರೂ 2650 ಪುಟ ಉಳಿಯಿತು, ಎಂದರೆ ಇನ್ನೂರು ಪುಟದ ಹದಿಮೂರು ಪುಸ್ತಕ. ಇಪ್ಪತ್ತನಾಲ್ಕಕ್ಕಿಂತ ಕಡಮೆ ನಿಜ. ಆದರೆ ಇದರಲ್ಲಿ ಮಕ್ಕಳ ಪುಸ್ತಕದ ಕಳ್ಳ ಲೆಕ್ಕವಿಲ್ಲ. ತಪ್ಪಿದ ದಿನದ ಪುಟಗಳನ್ನು ಮರುದಿನಕ್ಕೆ ಕೂಡಿಸಬಾರದೆಂದೂ ನಿಶ್ಚಯಿಸಿದ್ದೇವೆ. ಬಾಕಿ ಬೆಳೆದರೆ ಸಾಲಗಾರ ಊರು ಬಿಡುತ್ತಾನೆ, ಓದುಗ ಪುಸ್ತಕ ಬಿಡುತ್ತಾನೆ.

ಅಂದು ವಾಚನಾಲಯದಿಂದ ತಂದುದು ಕಾರಂತರದೇ ‘ಮರಳಿ ಮಣ್ಣಿಗೆ’, ಕಡಲ ಕರೆಯ ಮನೆಯೊಂದರ ಮೂರು ತಲೆಮಾರಿನ ಕಥೆ. ಆರಿಸಿದವರು ತಾಯಿಯವರು. ಎರಡು ವಾರದಲ್ಲಿ ಹಿಂದಿರುಗಿಸಬೇಕೆಂದು ಮುದ್ರೆ ಒತ್ತಿದ್ದಾರೆ. ನಮ್ಮ ಲೆಕ್ಕದಲ್ಲಿ ಅಷ್ಟರೊಳಗೆ 140 ಪುಟ. ಪುಸ್ತಕ ಅದಕ್ಕಿಂತ ಬಹಳ ದಪ್ಪ. ಅವಧಿ ಮುಂದೂಡಲು ಇನ್ನೆರಡು ಸಲವಾದರೂ ಹೋಗಬೇಕಾದೀತು. ಬೀಗದ ಕೈಯನ್ನು ಈಗ ಮೇಜಿನ ಮೇಲೆಯೇ ಇಟ್ಟಿದ್ದಾರೆ.