ಹೃದಯದ ದೌರ್ಬಲ್ಯ, ಬುದ್ಧಿಯ ಮಾಂದ್ಯ

ದೇಹದ ತೂಕದಲ್ಲಿ ಶೇಕಡ 2ರಷ್ಟು ಮಾತ್ರವೇ ಆಗಿದ್ದರೂ, ನಾವು ವಿಶ್ರಮಿಸುತ್ತಿರುವಾಗ ಸಹ ದೇಹವು ಬಳಸುವ ಆಮ್ಲಜನಕದ ಐದನೆಯ ಒಂದಂಶವನ್ನು ತಾನೊಂದೇ ವ್ಯಯಮಾಡುವ ಮಿದುಳಿಗೆ ನಿಮಿಷವೊಂದಕ್ಕೆ ಸುಮಾರು ಮುಕ್ಕಾಲು ಲೀಟರು ರಕ್ತ ಬೇಕು. ಕೂಡಿಟ್ಟುಕೊಳ್ಳಲು ಅದಕ್ಕೆ ಕಣಜವೆಂಬುದಿಲ್ಲ. ರಕ್ತಸಂಚಾರ ಪೂರ್ಣವಾಗಿ ನಿಂತಲ್ಲಿ ಸುಮಾರು 10 ಸೆಕೆಂಡುಗಳಲ್ಲಿ ಪ್ರಜ್ಞೆ ಲೋಪವಾಗುವುದು ಅದರಿಂದಲೇ.

ಹೃದಯವೈಫಲ್ಯದಲ್ಲಾದರೋ ಹೃದಯ ನಿಲ್ಲುವುದಿಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ನೂಕಲಾರದೆ ಬಳಲುತ್ತದೆ. ಆಗ ದೇಹವು ಚರ್ಮ, ಮೂತ್ರಪಿಂಡಗಳ ಪಾಲನ್ನು ಮೊಟಕುಮಾಡಿ ಮಿದುಳನ್ನು ಸಲಹಲೆಳಸುತ್ತದೆ. ಮಿದುಳಿನ ಸೂಕ್ಷ್ಮಧಮನಿಗಳೂ ಹಿಗ್ಗುತ್ತವೆ; ಬಂದ ರಕ್ತದಿಂದ ಮಿದುಳು ಎಂದಿಗಿಂತ ಹೆಚ್ಚು ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಈ ಏರ್ಪಾಡು ಅದ್ಭುತವೇ ಆದರೂ ಅದಕ್ಕೊಂದು ಮೇರೆಯುಂಟು. ಡೆನ್ಮಾರ್ಕಿನ ವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಹೃದಯವೈಫಲ್ಯದ ರೋಗಿಗಳ ಮಿದುಳಿನ ರಕ್ತಪ್ರವಾಹವು ಆರೋಗ್ಯವಂತರದಕ್ಕಿಂತ ಶೇಕಡ 31ರಷ್ಟು ಕಡಿಮೆಯಾಗಿತ್ತು. ಅವರಲ್ಲಿ ಕೆಲವರಿಗೆ ಬೇರೊಂದು ಹೃದಯವನ್ನು ಜೋಡಿಸಿದ ಮೊದಲ ತಿಂಗಳಲ್ಲೇ ಅದು ಸಹಜಮಟ್ಟಕ್ಕೆ ಮರಳಿತು. ಮಿದುಳಿನ ಬಡತನಕ್ಕೆ ಹೃದಯವೇ ಹೊಣೆಯೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ತೋರದು.

ಈ ಸಂಬಂಧವನ್ನು ಉಪಕರಣಗಳಿಲ್ಲದೆಯೇ ಕಣ್ಣಿಟ್ಟು ಕಂಡವರುಂಟು. ಡಬ್ಲಿನ್ನಿನ ವೈದ್ಯ ಜಾನ್ ಚೇನ್ 1818ರಲ್ಲಿ, ಅರವತ್ತು ವರ್ಷದ ರೋಗಿಯೊಬ್ಬನ ಉಸಿರು ಕೆಲಕಾಲ ಸಂಪೂರ್ಣ ನಿಂತು, ಮೆಲ್ಲನೆ ಮೊದಲಾಗಿ, ಕ್ರಮಕ್ರಮವಾಗಿ ಏದುಸಿರಾಗಿ, ಮತ್ತೆ ಕುಗ್ಗಿ ನಿಲ್ಲುತ್ತಿದ್ದುದನ್ನು ವರ್ಣಿಸಿದನು. ಅದೇ ನಗರದ ವಿಲಿಯಂ ಸ್ಟೋಕ್ಸ್ 1854ರಲ್ಲಿ ಅದನ್ನು ಹೃದಯದ ದೌರ್ಬಲ್ಯಕ್ಕೆ ಸಂಬಂಧಿಸಿ ಬರೆದನು. ಶ್ವಾಸಕೋಶದಿಂದ ಹೊರಟ ರಕ್ತ ದುರ್ಬಲ ಹೃದಯದ ದೆಸೆಯಿಂದ ಮಿದುಳಿಗೆ ತಡವಾಗಿ ತಲಪುವುದರಿಂದ, ಅಂಗಾರಾಮ್ಲವಾಯು ಹೆಚ್ಚಿತೋ ಕುಗ್ಗಿತೋ ಎಂಬ ವರ್ತಮಾನವೂ ತಡವಾಗಿಯೇ ಮುಟ್ಟಿ, ಉಸಿರಾಟವನ್ನಾಳುವ ಕೇಂದ್ರವು ಒಮ್ಮೆ ಅತಿಯಾಗಿ ಉಸಿರಾಡಿಸಿ, ಮತ್ತೊಮ್ಮೆ ತಡೆದುಬಿಡುತ್ತದೆ. ನಿದ್ರೆಯಲ್ಲಿ ಪ್ರತಿಯೊಂದು ತಡೆಯ ಬೆನ್ನಿಗೂ ರಕ್ತದ ಆಮ್ಲಜನಕ ಇಳಿಯುತ್ತದೆ. ಮೊದಲೇ ಕಡಿಮೆ ರಕ್ತ ಪಡೆಯುತ್ತಿರುವ ಮಿದುಳಿಗೆ ಇದು ಎರಡನೆಯ ಪೆಟ್ಟು.

ಇಂಥ ಪೆಟ್ಟುಗಳಿಂದ ಬುದ್ಧಿಯೂ ಮಂಕಾಗಬಹುದು. ಆದರೂ ನಮ್ಮ ಮನೆಗಳಲ್ಲಿ ಹಿರಿಯರು ಆಡಿದ ಮಾತನ್ನೇ ಆಡತೊಡಗಿದರೆ, ಹಗಲೆಲ್ಲ ತೂಕಡಿಸಿದರೆ, ಲೆಕ್ಕ ತಪ್ಪಿದರೆ, "ವಯಸ್ಸಾಯಿತು, ಅರಳುಮರಳು" ಎಂದು ಸುಮ್ಮನಾಗುವ ರೂಢಿಯಿದೆ. ಮರೆವಿಗೆ ಕಾರಣಗಳು ಹಲವಿದ್ದರೂ ಹೃದಯವನ್ನು ಪರೀಕ್ಷಿಸದೆ ಹಾಗೆನ್ನುವುದು ಅನ್ಯಾಯವೆಂದೇ ನನ್ನ ಭಾವನೆ. ಏಕೆಂದರೆ ಮಂಕು ಕವಿದ ರೋಗಿ ಮಾತ್ರೆಯನ್ನು ಮರೆಯುತ್ತಾನೆ, ಉಪ್ಪಿನ ಮಿತಿಯನ್ನು ಮರೆಯುತ್ತಾನೆ; ಹೃದಯ ಮತ್ತಷ್ಟು ಸೋಲುತ್ತದೆ. ಆದಕಾರಣ ಔಷಧಿಯ ವಿವರವನ್ನು ರೋಗಿಯೊಬ್ಬರಿಗೇ ಹೇಳಿ ಕಳುಹಿಸಿದರೆ ಸಾಲದು, ಜೊತೆಗೆ ಬಂದವರಿಗೂ ಬಿಡಿಸಿ ಹೇಳಬೇಕು. ಕಾಲಿನ ಬಾವು ಏರುತ್ತಿರುವ, ತಲೆಗೆ ಎರಡು ಮೂರು ದಿಂಬಿಲ್ಲದೆ ಮಲಗಲಾರದ ವೃದ್ಧರಿಗೆ ಹಠಾತ್ತನೆ ಬುದ್ಧಿಭ್ರಮೆ ತೋರಿದರೆ, ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.