ಮನೆಯ ಕಂಪ್ಯೂಟರಿನಲ್ಲಿ ಕಾಣೆಯಾದ ಕಾಗದ

ಊರು ಬಿಟ್ಟು ಬಂದವನಿಗೆ ಟಪಾಲಿನವನಷ್ಟು ಆಪ್ತನು ಮತ್ತೊಬ್ಬನಿಲ್ಲವೆಂಬುದು ಮದರಾಸಿನಲ್ಲಿ ನೆಲೆಸಿದ ನಮ್ಮ ಹಿರಿಯರ ಅನುಭವವಾಗಿತ್ತು. ಕುಂದಾಪುರ, ಉಡುಪಿಗಳ ಕಡೆಯಿಂದ ಬಂದು ಹೋಟೇಲುಗಳಲ್ಲಿ ದುಡಿಯುತ್ತಿದ್ದವರು ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಇನ್‌ಲ್ಯಾಂಡ್ ಲೆಟರನ್ನು ಬಿಡಿಸಿ ಓದುತ್ತಿದ್ದುದನ್ನು ಕಂಡವರು ಇಂದಿಗೂ ಇದ್ದಾರೆ. ಊರಿನ ಕುಶಲವನ್ನು ತಿಳಿಸುವ ಕೆಲಸವನ್ನು ಈಗ ಮೊಬೈಲು ವಹಿಸಿಕೊಂಡಿದೆ. ಆದರೆ ಇಂಟರ್‌ವ್ಯೂವಿನ ಕರೆ, ಕಾಲೇಜಿನ ಪ್ರವೇಶದ ಸೂಚನೆ, ವಿಮೆಯ ರಶೀದಿ ಮೊದಲಾದ ಬಾಳನ್ನು ತಿರುಗಿಸಬಲ್ಲ ಕಾಗದಗಳು ಇ-ಮೇಲಿನಲ್ಲಿಯೇ ಬರುತ್ತವೆ. ಅಂಥ ಒಂದು ಕಾಗದವು ಮನೆಯೊಳಗೇ ಕಾಣೆಯಾದರೆ ಏನು ಗತಿ?

ಇಂಥದೊಂದು ಪ್ರಸಂಗವನ್ನು ನಾವು ಈಚೆಗೆ ಟ್ರಿಪ್ಲಿಕೇನಿನ ಸ್ನೇಹಿತರೊಬ್ಬರ ಮನೆಯಲ್ಲಿ ಕಂಡೆವು. ಯಜಮಾನರು ಹೋಟೇಲೊಂದರ ಗಲ್ಲಾದಲ್ಲಿ ಕುಳಿತುಕೊಳ್ಳುವವರು. ಮಗನು ಗುಮಾಸ್ತೆ. ಮಗಳು ಪದವಿ ಮುಗಿಸಿ ಕೆಲಸವನ್ನು ಅರಸುತ್ತಿರುವವಳು. ರಿಚ್ಚಿ ಸ್ಟ್ರೀಟಿನಲ್ಲಿ ಕೊಂಡು ತಂದ ಒಂದು ಹಳೆಯ ಕಂಪ್ಯೂಟರು ಮೂವರಿಗೂ ಸಾಧನ. ಅರ್ಜಿ ಹಾಕಿದ್ದ ಕಚೇರಿಗೆ ಹುಡುಗಿ ಫೋನು ಮಾಡಿ ವಿಚಾರಿಸಿದಾಗ, ಇಂಟರ್‌ವ್ಯೂವಿನ ಕಾಗದವನ್ನು ನಾಲ್ಕು ದಿನಗಳ ಹಿಂದೆಯೇ ಕಳುಹಿಸಿದೆವೆಂದು ಅವರು ತಿಳಿಸಿದರು. ಆಕೆಯ ಮೊಬೈಲಿನಲ್ಲಿ ಅದರ ಸುಳಿವಿರಲಿಲ್ಲ. ಕಂಪ್ಯೂಟರಿನಲ್ಲಿಯೂ ಕಾಣಿಸಲಿಲ್ಲ. ಮೇಲಿನ ತಂತ್ರಾಂಶವೇ ಕೆಟ್ಟಿದೆಯೆಂದು ಬಗೆದು ರಿಪೇರಿಯವರನ್ನು ಕರೆಸಿದರು. ಅವರು ನೋಡಿ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕೆಂದೂ ನಾಳೆ ಬಂದು ಫಾರ್ಮ್ಯಾಟ್ ಮಾಡುವೆವೆಂದೂ ಹೇಳಿ ಹೋದರು.

"ಅಳಿಸಿದರೆ ಊರಿನ ಕಾಗದಗಳೂ ಹೋಗುತ್ತವೆಯೇ, ಮಾರಾಯರೆ?" ಎಂದು ಯಜಮಾನರು ನಮ್ಮನ್ನು ಕೇಳಿದರು. ಅವರ ಅಣ್ಣನವರು ತೀರಿಕೊಳ್ಳುವ ಮೊದಲು ಬರೆದಿದ್ದ ಮೇಲುಗಳೆಲ್ಲವೂ ಅದೇ ಯಂತ್ರದಲ್ಲಿದ್ದುವು. ಆ ಪ್ರಶ್ನೆಯನ್ನು ಕೇಳಿದ ಮೇಲೆ ನಾವು ಸುಮ್ಮನೆ ಎದ್ದುಬರುವಂತಿರಲಿಲ್ಲ.

ಮೇಲು ಕಾಣದಿದ್ದಾಗ ಮೊದಲು ಮಾಡತಕ್ಕದ್ದೇನೆಂದರೆ, ದೋಷವಿರುವುದು ಮನೆಯಲ್ಲಿಯೋ ಅಂಚೆಕಚೇರಿಯಲ್ಲಿಯೋ ಎಂಬುದನ್ನು ನಿಶ್ಚಯಿಸುವುದು. ನಮಗೆ ಬರುವ ಪ್ರತಿಯೊಂದು ಮೇಲೂ ಮೊದಲು ಸೇವೆ ಕೊಡುವ ಸಂಸ್ಥೆಯ ಸರ್ವರಿನಲ್ಲಿ ಬಂದು ಬೀಳುತ್ತದೆ. ಅದನ್ನು ಅಂಚೆಕಚೇರಿಯಲ್ಲಿರುವ ನಮ್ಮ ಪೆಟ್ಟಿಗೆಯೆಂದು ತಿಳಿಯಬಹುದು. ಅಲ್ಲಿಂದ ಮನೆಯ ಕಂಪ್ಯೂಟರಿಗೆ ತರಲು ಎರಡು ಪದ್ಧತಿಗಳುಂಟು. ಪಾಪ್ ಎಂಬ ಹಳೆಯ ಪದ್ಧತಿಯಲ್ಲಿ, ಪೆಟ್ಟಿಗೆಯಲ್ಲಿರುವುದನ್ನೆಲ್ಲ ಮನೆಗೆ ಇಳಿಸಿಕೊಂಡು ಪೆಟ್ಟಿಗೆಯನ್ನು ಬರಿದು ಮಾಡುವುದು ವಾಡಿಕೆ. ಸರ್ವರಿನಲ್ಲಿ ಒಂದು ಪ್ರತಿಯನ್ನು ಉಳಿಸೆಂದು ಗುರುತು ಹಾಕಿದ್ದರೆ ಮಾತ್ರ ಅಲ್ಲಿ ಪ್ರತಿ ಉಳಿಯುತ್ತದೆ. ಐಮ್ಯಾಪ್ ಎಂಬ ಮತ್ತೊಂದು ಪದ್ಧತಿಯಲ್ಲಿ ಮೂಲವು ಪೆಟ್ಟಿಗೆಯಲ್ಲಿಯೇ ಇರುತ್ತದೆ. ಮೊಬೈಲಿನಲ್ಲಿ ನೋಡಿದರೂ ಕಂಪ್ಯೂಟರಿನಲ್ಲಿ ನೋಡಿದರೂ ಅದೇ ಕಾಗದ ಕಾಣುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ತಂತ್ರಾಂಶವನ್ನು ಮುಚ್ಚಿ, ಬ್ರೌಸರಿನ ಮೂಲಕ ನೇರವಾಗಿ ಹುಡುಗಿಯ ಪೆಟ್ಟಿಗೆಯನ್ನು ತೆರೆದು ನೋಡಿದೆವು. ಅದು ಬರಿದಾಗಿತ್ತು. ಸ್ಪ್ಯಾಮ್ ಎಂಬ ಕಸದ ವಿಭಾಗದಲ್ಲಿಯೂ ಏನೂ ಇರಲಿಲ್ಲ. ಕಚೇರಿಯವರು ಕಳುಹಿಸಿದ್ದು ನಿಜವಾದರೆ, ವಿಳಾಸ ತಪ್ಪೆಂದು ಅವರಿಗೆ ಹಿಂದಿರುಗದೆಯೂ ಇದ್ದರೆ, ಕಾಗದವು ಪೆಟ್ಟಿಗೆಗೆ ಬಂದು ಅಲ್ಲಿಂದ ಮನೆಗೆ ಇಳಿದಿರಲೇಬೇಕು. ತಂತ್ರಾಂಶವನ್ನು ತೆರೆದು ಪರಿಶೀಲಿಸಿದಾಗ ಪದ್ಧತಿಯು ಪಾಪ್ ಎಂದೂ, ಪ್ರತಿ ಉಳಿಸುವ ಗುರುತು ಹಾಕಿಲ್ಲವೆಂದೂ ತಿಳಿಯಿತು. ಮೊಬೈಲಿನಲ್ಲಿ ಏಕೆ ಕಾಣಲಿಲ್ಲವೆಂಬುದಕ್ಕೆ ಉತ್ತರ ದೊರೆತಂತಾಯಿತು. ಹಾಗಾದರೆ ಇಳಿದ ಕಾಗದವೆಲ್ಲಿ?

ಕಳುಹಿಸಿದ ಕಚೇರಿಯ ಹೆಸರನ್ನು ಕೊಟ್ಟು ಎಲ್ಲ ವಿಭಾಗಗಳಲ್ಲಿಯೂ ಹುಡುಕಿಸಿದೆವು. ಕಾಗದವು ಕಸದ ಬುಟ್ಟಿಯಲ್ಲಿತ್ತು! ಮೂವರ ಮೇಲೂ ಒಂದೇ ಇನ್‌ಬಾಕ್ಸಿಗೆ ಬಂದು ಬೀಳುವಂತೆ ಆ ತಂತ್ರಾಂಶವನ್ನು ಏರ್ಪಡಿಸಿದ್ದರು. ಕೆಲಸ ಕೊಡಿಸುವೆವೆಂಬ ಜಾಹೀರಾತುಗಳ ಕಾಟದಿಂದ ಬೇಸತ್ತ ಅಣ್ಣನು, 'ಜಾಬ್' ಎಂಬ ಪದವಿರುವ ಕಾಗದಗಳನ್ನೆಲ್ಲ ಕಸಕ್ಕೆ ಹಾಕೆಂದು ಎಂದೋ ಒಂದು ನಿಯಮ ಮಾಡಿ ಮರೆತುಬಿಟ್ಟಿದ್ದನು. ಯಂತ್ರಕ್ಕೆ ಅಣ್ಣನ ಕಸವೂ ತಂಗಿಯ ಭಾಗ್ಯವೂ ಒಂದೇ. ಅದು ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಇಂಟರ್‌ವ್ಯೂ ಇದ್ದುದು ಎರಡು ದಿನಗಳ ಮೇಲೆ, ಗಿಂಡಿಯಲ್ಲಿ. ಮರುದಿನ ಫಾರ್ಮ್ಯಾಟ್ ಆಗಿದ್ದರೆ ಕಸದ ಬುಟ್ಟಿಯೊಡನೆ ಆ ಕರೆಯೂ, ತೀರಿಕೊಂಡ ಅಣ್ಣನವರ ಕಾಗದಗಳೂ ಅಳಿದುಹೋಗುತ್ತಿದ್ದುವು.

ಒಂದೇ ಯಂತ್ರವನ್ನು ಹಲವರು ಬಳಸುವ ಈ ಸಮಸ್ಯೆ ಹೊಸದಲ್ಲ. ನಮ್ಮ ದೇಶದಲ್ಲಿ ವಿ.ಎಸ್.ಎನ್.ಎಲ್. ಸಂಸ್ಥೆಯು ಸಾರ್ವಜನಿಕರಿಗೆ ಇಂಟರ್ನೆಟ್ಟನ್ನು ಒದಗಿಸಲಾರಂಭಿಸಿದ್ದು 1995ರ ಆಗಸ್ಟ್ 15ರಂದು. ಆಗ ಆ ಸೌಲಭ್ಯ ಪಡೆದ ಮೊದಲ ನಗರಗಳಲ್ಲಿ ಮದರಾಸೂ ಒಂದು. ಮುಂದೆ ಮನೆಮನೆಗೆ ಬಂದ ಔಟ್‌ಲುಕ್ ಎಕ್ಸ್‌ಪ್ರೆಸ್ ತಂತ್ರಾಂಶದಲ್ಲಿ ಮನೆಯ ಒಬ್ಬೊಬ್ಬರಿಗೂ 'ಐಡೆಂಟಿಟಿ' ಎಂಬ ಬೇರೆ ಬೇರೆ ಕೋಣೆಗಳನ್ನು ಮಾಡಿಕೊಳ್ಳುವ ಏರ್ಪಾಟಿತ್ತು. 2007ರಲ್ಲಿ ವಿಸ್ತಾ ಬಂದು ಅದರ ಜಾಗದಲ್ಲಿ ವಿಂಡೋಸ್ ಮೇಲ್ ಕುಳಿತಾಗ ಈ ಕೋಣೆಗಳು ಇಲ್ಲವಾದುವು. ಈಗಿನ ಸರಿಯಾದ ಕ್ರಮವೆಂದರೆ ವಿಂಡೋಸಿನಲ್ಲಿಯೇ ಒಬ್ಬೊಬ್ಬರಿಗೂ ಒಂದೊಂದು ಖಾತೆಯನ್ನು ತೆರೆದು, ಒಂದೊಂದು ಗುಪ್ತಪದವನ್ನು ಇಟ್ಟುಕೊಳ್ಳುವುದು. ಒಬ್ಬರ ನಿಯಮವು ಮತ್ತೊಬ್ಬರ ಕಾಗದವನ್ನು ಆಗ ಮುಟ್ಟಲಾರದು.

ನಮ್ಮ ಜನರನ್ನು ಕಾಡುವ ಬೇರೆ ಕೆಲವು ತೊಡಕುಗಳನ್ನೂ ಇಲ್ಲಿಯೇ ಹೇಳುವುದು ಉಚಿತ.

ಮೇಲು ಬರುತ್ತದೆ, ಹೋಗುವುದಿಲ್ಲ ಎಂಬ ದೂರು ಸಾಮಾನ್ಯ. ಔಟ್‌ಬಾಕ್ಸಿನಲ್ಲಿ ಭಾರಿ ಗಾತ್ರದ ಒಂದು ಕಾಗದ ಸಿಕ್ಕಿಕೊಂಡರೆ ಅದರ ಹಿಂದಿರುವುವೂ ನಿಂತುಬಿಡಬಹುದು. ಐವತ್ತು ಮಸಾಲೆದೋಸೆಗಳ ಒಂದು ಆರ್ಡರು ಅಡಿಗೆಮನೆಗೆ ಹೋದಾಗ ಉಳಿದ ಮೇಜಿನವರು ಕಾಯುವುದಿಲ್ಲವೇ, ಹಾಗೆ. ಜಿ-ಮೇಲಿನಲ್ಲಿ ಒಂದು ಕಾಗದದೊಡನೆ ಲಗತ್ತಿಸಬಹುದಾದುದು 25 ಎಂ.ಬಿ. ಮಾತ್ರ. ಮದುವೆಯ ಫೋಟೋಗಳನ್ನೆಲ್ಲ ಒಂದೇ ಕಾಗದಕ್ಕೆ ಸೇರಿಸಿದವರು ಅದನ್ನು ತೆಗೆದು, ಹಂಚಿ ಕಳುಹಿಸಬೇಕು.

ಎರಡನೆಯದು ಗಡಿಯಾರದ ದೋಷ. ಹಳೆಯ ಕಂಪ್ಯೂಟರಿನೊಳಗೆ ನಾಣ್ಯದಂಥ ಒಂದು ಸಣ್ಣ ಬ್ಯಾಟರಿಯಿರುತ್ತದೆ. ಅದು ಸತ್ತರೆ, ಯಂತ್ರವನ್ನು ಆರಿಸಿ ಹೊತ್ತಿಸಿದಾಗಲೆಲ್ಲ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಸರ್ವರು ತೋರಿಸುವ ಭದ್ರತೆಯ ಪ್ರಮಾಣಪತ್ರಕ್ಕೆ ಇಂತಿಷ್ಟು ಅವಧಿಯೆಂದಿರುವುದರಿಂದ, ತಾರೀಖು ತಪ್ಪಾದ ಯಂತ್ರವು ಆ ಪತ್ರವನ್ನು ನಂಬದೆ ಬಾಗಿಲು ಮುಚ್ಚುತ್ತದೆ. ಇಂಥಲ್ಲಿ ತಂತ್ರಾಂಶವನ್ನು ಬಯ್ದು ಫಲವಿಲ್ಲ. ಬ್ಯಾಟರಿಯನ್ನು ಬದಲಿಸಿ ತಾರೀಖನ್ನು ಸರಿಪಡಿಸಿದರೆ ಸಾಕು.

ಮೂರನೆಯದು, ಸರಿಯಾದ ಗುಪ್ತಪದವನ್ನು ಕೊಟ್ಟರೂ ತಪ್ಪೆನ್ನುವುದು. 2022ರ ಮೇ 30ರಿಂದ ಗೂಗಲ್ ಸಂಸ್ಥೆಯು ವೈಯಕ್ತಿಕ ಖಾತೆಗಳಿಗೆ ಬರಿಯ ಗುಪ್ತಪದದಿಂದ ಹಳೆಯ ತಂತ್ರಾಂಶಗಳು ಪ್ರವೇಶಿಸುವುದನ್ನು ನಿಲ್ಲಿಸಿತು. ಹೊಸ ತಂತ್ರಾಂಶವು ಗೂಗಲಿನ ಪುಟವನ್ನೇ ತೆರೆದು ಅನುಮತಿ ಕೇಳುತ್ತದೆ. ಹಾಗೆ ಕೇಳಲು ಬಾರದ ತಂತ್ರಾಂಶಕ್ಕೆ, ಎರಡು ಹಂತದ ಪರಿಶೀಲನೆಯನ್ನು ಏರ್ಪಡಿಸಿಕೊಂಡು, 16 ಅಕ್ಷರಗಳ ಪ್ರತ್ಯೇಕ ಗುಪ್ತಪದವನ್ನು ಪಡೆಯಬೇಕು.

ನಾಲ್ಕನೆಯದು, ಜಾಗ ತುಂಬುವುದು. ಗೂಗಲ್ ಪುಕ್ಕಟೆಯಾಗಿ ಕೊಡುವ 15 ಜಿ.ಬಿ. ಜಾಗವು ಮೇಲಿಗೂ ಫೋಟೋಗಳಿಗೂ ಸೇರಿದ್ದು. ಮೊಬೈಲಿನ ಫೋಟೋಗಳಿಂದ ಅದು ತುಂಬಿದರೆ ಹೊಸ ಮೇಲು ಒಳಗೆ ಬರುವುದಿಲ್ಲ. ಕೆಲಸಕ್ಕೆ ಅರ್ಜಿ ಹಾಕಿದವರು ಇದನ್ನು ವಾರಕ್ಕೊಮ್ಮೆಯಾದರೂ ನೋಡಿಕೊಳ್ಳಬೇಕು. ಸ್ಪ್ಯಾಮ್ ವಿಭಾಗವನ್ನೂ ನೋಡಬೇಕು, ಏಕೆಂದರೆ ಜಿ-ಮೇಲಿನಲ್ಲಿ ಅದರೊಳಗೆ ಬಿದ್ದುದು 30 ದಿನಗಳ ಮೇಲೆ ತಾನಾಗಿ ಅಳಿದುಹೋಗುತ್ತದೆ.

ಕನ್ನಡಿಗರಿಗೇ ಮೀಸಲಾದ ತೊಡಕು ಮತ್ತೊಂದಿದೆ. ಊರಿನಿಂದ ಬಂದ ಹಳೆಯ ಕನ್ನಡ ಕಾಗದವನ್ನು ತೆರೆದರೆ, ಅರ್ಥವಿಲ್ಲದ ವಿದೇಶೀ ಚಿಹ್ನೆಗಳ ಸಾಲೇ ಕಾಣುತ್ತದೆ. ಕಾಗದ ಕೆಟ್ಟಿದೆಯೆಂದು ಅಳಿಸಬಾರದು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡವನ್ನು ಕೂಡಿಸುತ್ತಿದ್ದುವು. ಅದೇ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕನ್ನಡದ ವೇಷ ಕಳಚಿಬೀಳುತ್ತದೆ. ಆ ಅಕ್ಷರಶೈಲಿಯನ್ನು ಹಾಕಿಕೊಂಡರೆ, ಅಥವಾ ಪರಿವರ್ತಕದಿಂದ ಯೂನಿಕೋಡಿಗೆ ತಂದರೆ, ಊರಿನ ಮಾತು ಮತ್ತೆ ಊರಿನ ಮಾತಾಗುತ್ತದೆ. ಇಂದು ಬರೆಯುವವರು ಯೂನಿಕೋಡಿನಲ್ಲಿಯೇ ಬರೆಯುವುದು ಲೇಸು.

ಕೊನೆಯದಾಗಿ ಒಂದು ಎಚ್ಚರಿಕೆ. 2015ರ ಡಿಸೆಂಬರ್ ಮೊದಲ ವಾರದಲ್ಲಿ ಅಡಯಾರ್ ನದಿಯು ಉಕ್ಕಿ ಸೈದಾಪೇಟೆ, ಕೋಟ್ಟೂರುಪುರಗಳ ಮನೆಗಳಿಗೆ ನುಗ್ಗಿದುದನ್ನು ಚೆನ್ನೈಯವರು ಮರೆತಿಲ್ಲ. ಪಾಪ್ ಪದ್ಧತಿಯಲ್ಲಿ ಇಳಿಸಿ, ಒಂದೇ ಯಂತ್ರದಲ್ಲಿ ಕೂಡಿಟ್ಟ ಕಾಗದಗಳಿಗೆ ನೆರೆಯೇ ಬರಬೇಕೆಂದಿಲ್ಲ. ಹಠಾತ್ತನೆ ಹೋದ ವಿದ್ಯುತ್ತೂ, ಅವಸರದ ಫಾರ್ಮ್ಯಾಟೂ ಸಾಕು. ಆದುದರಿಂದ ಯಾರಾದರೂ "ಎಲ್ಲ ಅಳಿಸಿ ಹೊಸದಾಗಿ ಹಾಕುವೆವು" ಎಂದಾಗ, ಮೇಲಿನ ಕಡತಗಳ ಪ್ರತಿಯನ್ನು ಮೊದಲು ಬೇರೊಂದು ಡಿಸ್ಕಿಗೆ ಇಳಿಸಿ ಕೊಡಿರೆಂದು ಕೇಳಲು ಸಂಕೋಚಪಡಬಾರದು. ತಿಳಿಯದವರೆಂದು ಅವರು ನಕ್ಕರೆ ನಗಲಿ.

ಟ್ರಿಪ್ಲಿಕೇನಿನ ಆ ಮನೆಯಲ್ಲಿ ನಾವು ಅಂದು ರಾತ್ರಿ ಎಲ್ಲ ಕಾಗದಗಳ ಪ್ರತಿಯನ್ನು ತೆಗೆದಿಟ್ಟು, ನಿಯಮವನ್ನು ಅಳಿಸಿ, ಮೂವರಿಗೂ ಬೇರೆ ಖಾತೆಗಳನ್ನು ಮಾಡಿಕೊಟ್ಟೆವು. ಪದ್ಧತಿಯನ್ನೂ ಐಮ್ಯಾಪಿಗೆ ಬದಲಿಸಿದೆವು. ಅಣ್ಣನು ತಂಗಿಯ ಮುಖವನ್ನು ನೋಡಲಾರದೆ ನಿಂತಿದ್ದನು. ಇಂಟರ್‌ವ್ಯೂವಿನ ದಿನ ಅರ್ಧ ದಿನದ ರಜೆ ಹಾಕಿ ಆಕೆಯನ್ನು ಗಿಂಡಿಗೆ ಕರೆದೊಯ್ದವನೂ ಅವನೇ. ಫಲಿತಾಂಶವು ಇನ್ನೂ ಬರಬೇಕಾಗಿದೆ. ಬರುವುದು ಇ-ಮೇಲಿನಲ್ಲಿ. ಯಜಮಾನರು ಈಗ ರಾತ್ರಿ ಗಲ್ಲಾ ಮುಚ್ಚಿ ಮನೆಗೆ ಬಂದೊಡನೆ ಮಗಳನ್ನು ಕೇಳುವ ಮೊದಲ ಮಾತು, "ಕಸದ ಬುಟ್ಟಿ ನೋಡಿದೆಯಾ ಮಗಾ?" ಎಂಬುದು.