ಮಾಳದ ಯಹೂದಿ ಸ್ಮಶಾನ: ಖಾಲಿ ಕಾಣೋ ಜಾಗ ನಿಜವಾಗ್ಲೂ ಖಾಲಿನಾ?

ಇವತ್ತಿನ ಸಂಚಿಕೆ ಒಂದು ಕರಾರಿನ ಬಗ್ಗೆ. ಊರಿನ ಹೆಸರು ಮಾಳ. ನಮ್ಮ ಕಾರ್ಕಳದ ಹತ್ತಿರ ಇರೋ ಮಾಳ ಅಲ್ಲ, ಕೇರಳದ ತ್ರಿಶೂರ್ ಜಿಲ್ಲೆಯ ಸಣ್ಣ ಪಟ್ಟಣ.

ಈ ಭಾಗದಲ್ಲಿ ಯಹೂದಿಗಳು ಶತಮಾನಗಳಿಂದ ಇದ್ದರು. ಕ್ರಿ.ಶ. 1000ದ ಸುಮಾರಿಗೆ ಚೇರ ರಾಜ ಭಾಸ್ಕರ ರವಿವರ್ಮ, ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರಪಟ ಬರೆಸಿಕೊಟ್ಟ. ಅದರಲ್ಲಿ ತೆರಿಗೆ ವಿನಾಯಿತಿ ಇತ್ತು, ಪಲ್ಲಕ್ಕಿಯ ಗೌರವವೂ ಇತ್ತು. ಅಷ್ಟೇನೂ ದೂರವಿಲ್ಲದ ಚೇಂದಮಂಗಲದಲ್ಲಿ 1269ರ ಹೀಬ್ರೂ ಸಮಾಧಿ ಕಲ್ಲು ಇವತ್ತಿಗೂ ನಿಂತಿದೆ. ಮಾಳದ ಯಹೂದಿಗಳ ಮನೆಮಾತು ಮಲಯಾಳಂ, ಪ್ರಾರ್ಥನೆಗೆ ಹೀಬ್ರೂ.

1948ರಲ್ಲಿ ಇಸ್ರೇಲ್ ಹುಟ್ಟಿತು. ಇಲ್ಲಿ ಇವರನ್ನ ಯಾರೂ ಓಡಿಸಲಿಲ್ಲ. ಆದ್ರೆ ದಿನಾ ಪ್ರಾರ್ಥನೆಯಲ್ಲಿ ನೆನೆಯೋ ನಾಡು ಕರೆದಾಗ, 1955ರಲ್ಲಿ ಮಾಳದ ಯಹೂದಿಗಳು ಒಟ್ಟಿಗೇ ಹೊರಟರು. ಮನೆ, ಅಂಗಡಿ ಮಾರಬಹುದು. ಸಿನಗಾಗ್? ಹಿರಿಯರನ್ನ ಹೂತ ನೆಲ? ಅವೆರಡನ್ನೂ ಊರಿನ ಪಂಚಾಯಿತಿಗೆ ಒಪ್ಪಿಸಿ ಕರಾರು ಮಾಡಿಕೊಂಡರು. ಸಿನಗಾಗ್ ಬೇರೆ ಧರ್ಮದ ಪ್ರಾರ್ಥನಾ ಮಂದಿರ ಆಗಬಾರದು, ಕಸಾಯಿಖಾನೆಯೂ ಆಗಬಾರದು. ಸ್ಮಶಾನ ಸ್ಮಶಾನವಾಗಿಯೇ ಉಳಿಯಬೇಕು.

ಸ್ಮಶಾನದ ವಿಸ್ತಾರ ಸುಮಾರು 4 ಎಕರೆ. ಈಗ ಎದ್ದು ಕಾಣೋದು ಮೂರೇ ಸಮಾಧಿ. ಪಟ್ಟಣದ ನಡುವೆ ಇಷ್ಟು ಬಯಲು ಇದ್ದರೆ ಅದರ ಮೇಲೆ ಕಣ್ಣು ಬೀಳದೆ ಇರುತ್ತಾ? ಒಂದು ಭಾಗದಲ್ಲಿ ಕ್ರೀಡಾಂಗಣದ ಕೆಲಸ ಶುರುವಾಯ್ತು. ವಾದ ಸರಳ: ಮಕ್ಕಳಿಗೆ ಆಟದ ಮೈದಾನ ಬೇಕು, ಜಾಗ ಖಾಲಿ ಇದೆ.

ಯಹೂದಿ ಸಂಪ್ರದಾಯ ಇದನ್ನ ಒಪ್ಪಲ್ಲ. ಹೀಬ್ರೂನಲ್ಲಿ ಸ್ಮಶಾನಕ್ಕೆ ‘ಬೇತ್ ಓಲಾಂ’ ಅಂತಾರೆ, ಅಂದ್ರೆ ಶಾಶ್ವತ ಮನೆ. ಹೂತ ದೇಹವನ್ನ ಕದಲಿಸೋ ಹಾಗಿಲ್ಲ. ಮೇಲಿನ ಕಲ್ಲು ಹೋದ್ರೂ ಕೆಳಗಿರೋರು ಅಲ್ಲೇ ಇರ್ತಾರೆ. ಮೂರು ಕಲ್ಲು ಕಾಣುತ್ತೆ ಅಂದ್ರೆ ಮೂರೇ ಜನರನ್ನ ಹೂತಿದ್ದಾರೆ ಅಂತ ಅರ್ಥ ಅಲ್ಲ.

ಸಾಮಾನ್ಯವಾಗಿ ಕರಾರು ಮುರಿದ್ರೆ ಎದುರು ಪಾರ್ಟಿ ಬಂದು ಕೇಳುತ್ತೆ. ಇಲ್ಲಿ ಎದುರು ಪಾರ್ಟಿ ಸಮುದ್ರದಾಚೆ ಹೋಗಿ ಎಪ್ಪತ್ತು ವರ್ಷ ಆಯ್ತು. ಆದ್ರೂ ಕೇಳೋರು ಇದ್ದರು. ಮಾಳದವರೇ ಕೆಲವರು ಪರಂಪರೆ ಉಳಿಸೋಕೆ ಸಂಘ ಕಟ್ಟಿ, ಕ್ರೀಡಾಂಗಣವನ್ನ ವಿರೋಧಿಸಿದರು. ಅಲ್ಲಿ ಮಲಗಿರೋರು ಅವರ ನೆಂಟರಲ್ಲ, ಆದ್ರೆ ಮಾತು ಕೊಟ್ಟಿದ್ದು ಅವರ ಊರು.

ನಿಮ್ಮೂರಲ್ಲೂ ಊರು ಬಿಟ್ಟು ಹೋದವರ ಇಂಥ ಜಾಗ ಇದ್ಯಾ? ಇದ್ರೆ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.